ಶುಕ್ರವಾರದ ಸೂಜಿ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆಲ್ಲ ದ್ಯಾಮಕ್ಕ ಹೊಸಪೇಟೆಯ ಪ್ರಾರ್ಥನಾ ಮಂದಿರಕ್ಕೆ ಬಂದುಬಿಡುತ್ತಿದ್ದಳು. ಆರಾಧನೆ ಶುರುವಾಗುವುದು ಒಂಬತ್ತೂವರೆಗೆ. "ಏನ್ ಭಕ್ತಿ ಯವ್ವಾ ಇಕಿದು!" ಎಂದು ಸಭೆಯ ಹೆಂಗಸರು ಹೊಗಳುತ್ತಿದ್ದರು. ಪಾಸ್ಟರ್ ಪಾಲಯ್ಯನವರಂತೂ ಪ್ರಸಂಗದ ನಡುವೆ ಎರಡು ಸಲ ಅವಳ ಹೆಸರೆತ್ತಿ, ತಡವಾಗಿ ಬರುವವರೆಲ್ಲ ತಲೆ ತಗ್ಗಿಸುವಂತೆ ಮಾಡಿದ್ದರು. ಭಕ್ತಿ ಇತ್ತು, ಇಲ್ಲವೆಂದರೆ ಪಾಪ ಬಂದೀತು. ಆದರೆ ಬೇಗ ಬರುವುದಕ್ಕೆ ನಿಜವಾದ ಕಾರಣ ಮೆಟ್ಟಿಲು.

ಮಂದಿರ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಹತ್ತಲು ಇಪ್ಪತ್ತೆರಡು ಮೆಟ್ಟಿಲು. ದ್ಯಾಮಕ್ಕನ ಬಲ ಮೊಣಕಾಲಿಗೆ ಒಂದನ್ನು ಹತ್ತುವುದೂ ಕಷ್ಟ. ಅದಕ್ಕೇ ಅವಳು ಯಾರೂ ಬರುವ ಮುಂಚೆ ಬಂದು, ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಎರಡೂ ಕೈ ಹಿಂದಕ್ಕೆ ಊರಿ, ಕುಂಡಿ ಎತ್ತಿ ಮೇಲಿನ ಮೆಟ್ಟಿಲ ಮೇಲಿಟ್ಟು, ಹೀಗೆ ಒಂದೊಂದೇ ಏರುತ್ತಿದ್ದಳು. ಹನ್ನೊಂದನೆಯ ಮೆಟ್ಟಿಲಲ್ಲಿ ಸ್ವಲ್ಪ ಸುಧಾರಿಸಿಕೊಂಡು ಒಂದು ಹಾಡು ಹೇಳುವುದು, ಮತ್ತೆ ಏರುವುದು. ಮೇಲೆ ತಲುಪಿದ ಮೇಲೆ ಸೀರೆಗೆ ಮೆತ್ತಿದ ಧೂಳು ಕೊಡವಿ, ಗೋಡೆಗೊರಗಿ, ಮಹಾರಾಣಿಯ ಹಾಗೆ ಕೂತುಬಿಡುವುದು.

ಕಾಲುನೋವಿನ ಹೆಂಗಸು ಹೇಗೋ ಹತ್ತಿಕೊಂಡರೆ ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಇದೆ. ಏಕೆಂದರೆ ದ್ಯಾಮಕ್ಕನ ಕಾಲು ವಾಸಿಯಾಗಿತ್ತು. ಹಾಗಂತ ಹೊಸಪೇಟೆ, ಕಂಪ್ಲಿ, ಸಂಡೂರಿಗೆಲ್ಲ ಗೊತ್ತಿತ್ತು.

ದ್ಯಾಮಕ್ಕನದು ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ಮಿರ್ಚಿ ಅಂಗಡಿ. ಹಂಪಿಗೆ ಹೋಗುವವರೆಲ್ಲ ಅಲ್ಲಿ ಗಾಡಿ ನಿಲ್ಲಿಸಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿಂದು, ಖಾರಕ್ಕೆ ಬಾಯಿ ಬಿಟ್ಟುಕೊಂಡು ಮುಂದಕ್ಕೆ ಹೋಗುತ್ತಾರೆ. ಬಾಣಲೆಯ ಮುಂದೆ ಹದಿನೆಂಟು ವರ್ಷ ನಿಂತೂ ನಿಂತೂ ಅವಳ ಮೊಣಕಾಲು ಸವೆದಿತ್ತು. ಒಂದು ಶುಕ್ರವಾರ ಮೆಣಸಿನಕಾಯಿ ತರಲು ಹೊಸಪೇಟೆಗೆ ಹೋದವಳು, ನೋವು ತಾಳಲಾರದೆ ಮೂಳೆ ಡಾಕ್ಟರ್ ದೊಡ್ಡಬಸಪ್ಪನವರ ಹತ್ತಿರ ಹೋದಳು. ಅವರು ಕಾಲು ಮಡಿಚಿ ನೋಡಿ, ಎಕ್ಸ್‌ರೇ ನೋಡಿ, ಮೊಣಕಾಲಿಗೇ ಒಂದು ಸೂಜಿ ಹಾಕಿದರು. "ಮೂರ್ ತಿಂಗ್ಳು ಆರಾಮ ಇರ್ತೀಯಮ್ಮ. ಆಮ್ಯಾಲೆ ಮತ್ತ ಬರ್ತದ. ಅಷ್ಟ್ರಾಗ ತೂಕ ಇಳಿಸ್ಕೋ, ನಾ ಹೇಳಿದ ವ್ಯಾಯಾಮ ಮಾಡು" ಎಂದರು. ದ್ಯಾಮಕ್ಕ ಆಗಲಿ ಎಂದು ಎದ್ದು ಬಂದಳು. ವ್ಯಾಯಾಮದ ಚೀಟಿಯಲ್ಲಿ ಮರುದಿನ ಯಾರಿಗೋ ಮಿರ್ಚಿ ಕಟ್ಟಿಕೊಟ್ಟಳು.

ಭಾನುವಾರ ಮಂದಿರದಲ್ಲಿ ವಿಶೇಷ ಪ್ರಾರ್ಥನೆ. ಪಾಲಯ್ಯನವರು ಕಣ್ಣು ಮುಚ್ಚಿ, ಕೈ ಎತ್ತಿ, "ಇಲ್ಲಿ ಒಬ್ಬ ಸಹೋದರಿಗೆ ಮೊಣಕಾಲು ಬೇನೆ ಇದೆ, ಕರ್ತನು ಆಕೆಯನ್ನು ಮುಟ್ಟುತ್ತಿದ್ದಾನೆ" ಎಂದರು. ಐವತ್ತು ದಾಟಿದ ಹೆಂಗಸರು ನಲವತ್ತು ಜನ ಕೂತ ಕಡೆ ಈ ಮಾತು ಸುಳ್ಳಾಗುವ ಸಂಭವವೇ ಇರಲಿಲ್ಲ, ಅದು ಬೇರೆ ವಿಷಯ. ದ್ಯಾಮಕ್ಕ ಮೊಣಕಾಲ ಮೇಲೆ ಕೈಯಿಟ್ಟಳು. ನೋವಿಲ್ಲ! ಎದ್ದು ನಿಂತಳು. ನೋವಿಲ್ಲ! ಒಂದು ಸುತ್ತು ಕುಣಿದಳು. ಸತ್ಯವಾಗಲೂ ಆ ಹೊತ್ತಿಗೆ ಅವಳಿಗೆ ಶುಕ್ರವಾರದ ಸೂಜಿ ನೆನಪೇ ಆಗಲಿಲ್ಲ. ನಂಬುವವರು ನಂಬಿ, ಬಿಡುವವರು ಬಿಡಿ. ಜನ ಚಪ್ಪಾಳೆ ತಟ್ಟಿದರು, ಕೀಬೋರ್ಡಿನ ಹನುಮೇಶ ಜೋರಾಗಿ ಬಾರಿಸಿದ, ಪಾಲಯ್ಯನವರು ಮೈಕ್ ಕೊಟ್ಟರು. ದ್ಯಾಮಕ್ಕ ದೇವರು ತನ್ನ ಕಾಲು ವಾಸಿ ಮಾಡಿದನೆಂದು ಅಳುತ್ತಾ ಸಾಕ್ಷಿ ಹೇಳಿದಳು.

ಸೂಜಿ ನೆನಪಾದದ್ದು ಊರಿಗೆ ಹೋಗುವ ಬಸ್ಸಿನಲ್ಲಿ, ಕಂಡಕ್ಟರು ಟಿಕೆಟ್ ಹರಿಯುವಾಗ. ಅಷ್ಟರಲ್ಲಿ ಇನ್ನೂರು ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗಿಯಾಗಿತ್ತು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸಾಕ್ಷಿ ಎನ್ನುವುದು ಒಂದು ಸಲ ಹೇಳಿದರೆ ಮುಗಿಯುವಂಥದ್ದಲ್ಲ. ಕಂಪ್ಲಿಯ ಕೂಟಕ್ಕೆ ಕರೆದರು. ಅಲ್ಲಿಯ ಜನ ಸ್ವಲ್ಪ ಮಂಕಾಗಿ ಕೂತಿದ್ದರೆಂದು ದ್ಯಾಮಕ್ಕ ಕೈಗೊಂದು ಊರುಗೋಲು ಸೇರಿಸಿದಳು. ಗಾದಿಗನೂರಿನ ಮನೆ ಪ್ರಾರ್ಥನೆಯಲ್ಲಿ ಹನ್ನೆರಡು ವರ್ಷ ಗಂಡ ತನ್ನನ್ನು ಮನೆಯೊಳಗೆ, ಯಾರ ಕಣ್ಣಿಗೂ ಬೀಳದಂತೆ, ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದ ಎಂದಳು. ಅಲ್ಲೇ ಮಾತಿನ ಭರದಲ್ಲಿ, ಡಾಕ್ಟರು ಕಾಲು ತೆಗೆಯಬೇಕು ಎಂದಿದ್ದರು ಎಂದೂ ಬಾಯಿಂದ ಬಂದುಹೋಯಿತು. ಅವಳೇನು ಸುಳ್ಳು ಹೇಳಬೇಕೆಂದು ಹೊರಟವಳಲ್ಲ. ಮಿರ್ಚಿ ಹಿಟ್ಟಿಗೆ ಸ್ವಲ್ಪ ಸೋಡಾ ಹಾಕಿದಂತೆ ಹಾಕಿದಳು, ಅದು ಉಬ್ಬಿತು.

ಗಂಡ ಜಂಬಯ್ಯ ಕ್ರಿಸ್‌ಮಸ್ ಬಿರಿಯಾನಿಗೆ ಮಾತ್ರ ಸಭೆಗೆ ಬರುವ ಮನುಷ್ಯ. ಆಳು ಸಣ್ಣಕಡ್ಡಿ. ಯಾರೋ ಗಿರಾಕಿ ಬಂದು "ಹೆಂಡ್ತಿನ ಹನ್ನೆರಡು ವರ್ಷ ಹೊತ್ಕಂಡು ತಿರುಗಿದ್ದಿ ಅಂತಲ್ಲಪಾ, ದೊಡ್ಡೋನು ನೀನು" ಎಂದಾಗ ಈರುಳ್ಳಿ ಹೆಚ್ಚುತ್ತಿದ್ದ ಅವನ ಕೈ ನಿಂತಿತು.

"ಲೇ, ನಾ ಯಾವಾಗ ನಿನ್ನ ಹೊತ್ತಿದ್ದೆ?"

"ಸುಮ್ಕಿರು ನೀ."

"ಹೊತ್ತಿದ್ರ ನೆಪ್ಪಿರ್ತಿತ್ತಲ್ಲೇ ನಂಗ. ನಾನೇ ಉಳೀತಿರ್ಲಿಲ್ಲ."

ಮೂರು ತಿಂಗಳಾಯಿತು. ಡಾಕ್ಟರು ಹೇಳಿದಂತೆ ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ, ನೋವು ತಿರುಗಿ ಬಂತು. ಅದೇ ವಾರ ಸಂಡೂರಿನ ಸ್ವಸ್ಥತಾ ಮಹಾಸಭೆಯ ಫ್ಲೆಕ್ಸ್ ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಎದುರು ಎದ್ದಿತು. ಅದರಲ್ಲಿ ಪಾಲಯ್ಯನವರ ಕೋಟಿನ ಪಕ್ಕದಲ್ಲಿ ದ್ಯಾಮಕ್ಕನ ಮುಖ. ಕೆಳಗೆ, 'ಹನ್ನೆರಡು ವರ್ಷ ತೆವಳುತ್ತಿದ್ದ ಸಹೋದರಿ ಇಂದು ಓಡುತ್ತಿದ್ದಾರೆ! ಬನ್ನಿರಿ, ನೋಡಿರಿ!' ಎಂದು ಬರೆದಿತ್ತು. ದ್ಯಾಮಕ್ಕ ಅದನ್ನು ನೋಡಿದ್ದು ಬಸ್ಸಿನ ಫುಟ್‌ಬೋರ್ಡ್ ಹತ್ತಲಾರದೆ ಕಂಬಿ ಹಿಡಿದು ನೇತಾಡುತ್ತಿದ್ದಾಗ.

ಇಷ್ಟಾದರೂ ಅವಳು ಹೇಗೋ ನಿಭಾಯಿಸಿಕೊಂಡು ಹೋಗುತ್ತಿದ್ದಳು. ನಿಭಾಯಿಸಲು ಆಗದಂತೆ ಮಾಡಿದ್ದು ರೇಣುಕಮ್ಮನ ಕಾಲು.

ರೇಣುಕಮ್ಮ ಗಾದಿಗನೂರಿನವಳು. ದ್ಯಾಮಕ್ಕನಿಗಿಂತ ನಾಲ್ಕು ವರ್ಷ ದೊಡ್ಡವಳು. ಹನ್ನೊಂದು ವರ್ಷದ ಹಿಂದೆ ದ್ಯಾಮಕ್ಕನಿಗೆ ಗರ್ಭಕೋಶದ ಆಪರೇಷನ್ ಆಗಿ, ಜ್ವರ ಏರಿ, ಜೀವ ಹೋಗುತ್ತದೋ ಇರುತ್ತದೋ ಎನ್ನುವಾಗ, ಪಕ್ಕದ ಮಂಚದ ರೋಗಿಯನ್ನು ನೋಡಲು ಬಂದಿದ್ದ ಈ ರೇಣುಕಮ್ಮ ಒಂಬತ್ತು ದಿನ ಅಲ್ಲೇ ಉಳಿದುಬಿಟ್ಟಳು. ಗುರುತಿಲ್ಲ, ಪರಿಚಯವಿಲ್ಲ. ಗಂಜಿ ಕುಡಿಸಿದಳು, ಮೈ ಒರೆಸಿದಳು, ಸಣ್ಣ ದನಿಯಲ್ಲಿ ಹಾಡು ಹೇಳಿದಳು. ದ್ಯಾಮಕ್ಕ ದೇವರನ್ನು ನಂಬಿದ್ದು ಆಮೇಲೆ. ಮೊದಲು ನಂಬಿದ್ದು ರೇಣುಕಮ್ಮನನ್ನು.

ಅವರ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ, ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಮುಂಚೆ ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುವ ಪದ್ಧತಿ. ಪ್ರಭು ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ. ಗಂಡಸರು ಆ ಕಡೆ, ಹೆಂಗಸರು ಈ ಕಡೆ. ದ್ಯಾಮಕ್ಕನ ಪಾಲಿಗೆ ರೇಣುಕಮ್ಮ ಬಂದಳು. ಕಾಲು ತೊಳೆಯಬೇಕಾದರೆ ಮೊಣಕಾಲೂರಬೇಕು. ವಾಸಿಯಾದ ಮೊಣಕಾಲು ಊರಲಾರೆ ಎನ್ನಲು ಬರುತ್ತದೆಯೇ? ಎಲ್ಲರೂ ನೋಡುತ್ತಿದ್ದಾರೆ. ಊರಿದಳು. ಕಣ್ಣಲ್ಲಿ ನೀರು ದಳದಳ ಇಳಿಯಿತು.

"ನೋಡ್ರಿ, ಆತ್ಮ ಹೆಂಗ ಕೆಲ್ಸ ಮಾಡಾಕತ್ತೈತಿ" ಎಂದು ಹಿಂದಿನ ಹೆಂಗಸರು ಪಿಸುಗುಟ್ಟಿದರು.

ದ್ಯಾಮಕ್ಕ ಹಲ್ಲು ಕಚ್ಚಿ ರೇಣುಕಮ್ಮನ ಬಲಗಾಲು ಬೋಗುಣಿಗೆ ಇಳಿಸಿದಳು. ಹೆಬ್ಬೆರಳ ಪಕ್ಕದಲ್ಲಿ ಗಾಯ. ಹುಣಸೆಬೀಜದಷ್ಟಗಲ, ಅಂಚೆಲ್ಲ ಕಪ್ಪಾಗಿತ್ತು.

"ಏನಿದು ರೇಣಕ್ಕ?"

"ಚಪ್ಲಿ ಕಚ್ಚಿದ್ದು. ತಿಂಗ್ಳಾತು, ಹಂಗಾ ಐತಿ."

"ನಿಂಗ ಶುಗರ್ ಐತೆಲ್ಲ. ಗುಳಿಗಿ ತಗಂತೀ ಹೌದಿಲ್ಲೋ?"

ರೇಣುಕಮ್ಮ ಬಾಗಿ ಗುಟ್ಟು ಹೇಳುವವಳಂತೆ ನಕ್ಕಳು. "ನೀ ನಮ್ಮೂರಾಗ ಸಾಕ್ಷಿ ಹೇಳಿದ ದಿನಾನೇ ಬಿಟ್ಟೆ. ಡಾಕ್ಟ್ರು ಕಾಲು ತಗೀಬೇಕು ಅಂದ್ರೂ ನಿನ್ನ ಕೈ ಬಿಡ್ಲಿಲ್ಲ ದೇವ್ರು. ನನ್ನ ಬಿಡ್ತಾನೇನು? ಎಲ್ಲಾ ಗುಳಿಗಿ ಒಂದು ಡಬ್ಬ್ಯಾಗ ಹಾಕಿಟ್ಟೀನಿ. ಸಂಡೂರಾಗ ನೀ ಸಾಕ್ಷಿ ಹೇಳಿದ ಮ್ಯಾಲೆ ನಾನೂ ಸ್ಟೇಜ್ ಹತ್ತಿ, ಎಲ್ರ ಮುಂದ ಡಬ್ಬಿ ಬೋರಲು ಹಾಕ್ತೀನಿ."

ದ್ಯಾಮಕ್ಕನಿಗೆ ಮೊಣಕಾಲ ನೋವು ಮರೆತೇಹೋಯಿತು. ನಿಜವಾಗಿ ನೋವು ಮಾಯವಾದದ್ದು ಅವತ್ತೊಂದು ಕ್ಷಣ. ಅದರ ಜಾಗದಲ್ಲಿ ಬಂದ ಭಯ ಅದಕ್ಕಿಂತ ಕೆಟ್ಟದಾಗಿತ್ತು. ಮಿರ್ಚಿ ಅಂಗಡಿಯ ಪಕ್ಕದ ಪಂಕ್ಚರ್ ಅಂಗಡಿಯವನ ತಾಯಿಗೆ ಇಂಥದ್ದೇ ಗಾಯದಿಂದ ಪಾದ ಹೋಗಿತ್ತು.

ಮರುದಿನವೇ ಗಾದಿಗನೂರಿಗೆ ಹೋಗಿ ರೇಣುಕಮ್ಮನನ್ನು ಕೂರಿಸಿಕೊಂಡು ಒಂದೂ ಬಿಡದೆ ಹೇಳಿದಳು. ಶುಕ್ರವಾರದ ಸೂಜಿ, ಇಲ್ಲದ ಊರುಗೋಲು, ಹೊತ್ತಿರದ ಗಂಡ, ಕಾಲು ತೆಗೆಯುತ್ತೇನೆ ಎನ್ನದ ಡಾಕ್ಟರು. ಮೆಟ್ಟಿಲು ಹತ್ತುವ ರೀತಿಯೊಂದನ್ನು ಮಾತ್ರ ನಾಚಿಕೆಗೆ ಹೇಳಲಿಲ್ಲ. ರೇಣುಕಮ್ಮ ಕಣ್ಣು ಮಿಟುಕಿಸದೆ ಕೇಳಿದಳು. ಕೊನೆಗೆ ಎದ್ದವಳೇ ದ್ಯಾಮಕ್ಕನ ನೆತ್ತಿಯ ಮೇಲೆ ರಪ್ಪನೆ ಕೈಯಿಟ್ಟು, "ಸೈತಾನಾ, ಬಿಟ್ಟು ಹೋಗು ಇಕಿನ್ನ!" ಎಂದು ಕೂಗಿದಳು.

"ರೇಣಕ್ಕ, ನಾನಾ ಮಾತಾಡಾಕತ್ತೀನಿ!"

"ನೀ ಅಲ್ಲ. ನಿನ್ನ ಬಾಯಾಗ ಅವ ಕುಂತಾನ. ಸಂಡೂರು ಸಭೆ ಹತ್ರ ಬಂತು ನೋಡು, ಅದಕ್ಕ ಕೆಡಸಾಕ ಬಂದಾನ. ಹೋಗಲೇ, ಹೋಗು!"

ಅರ್ಧ ತಾಸು ಸೈತಾನನನ್ನು ಬಿಡಿಸಿದಳು. ಎಣ್ಣೆ ಹಚ್ಚಿದಳು. ಸುಳ್ಳನ್ನು ಒಂದೇ ಸಲಕ್ಕೆ ನಂಬಿದ ಹೆಂಗಸು ನಿಜವನ್ನು ಎಣ್ಣೆ ಹಚ್ಚಿ ಓಡಿಸಿದಳು ನೋಡಿ. ತಲೆಯೆಲ್ಲ ಜಿಡ್ಡಾಗಿ ದ್ಯಾಮಕ್ಕ ಕುಂಟುತ್ತಾ ಹೊರಬಂದಾಗ ರೇಣುಕಮ್ಮ ಹಿಂದಿನಿಂದ, "ಕುಂಟಬ್ಯಾಡ, ಅದೂ ಅವಂದೇ ಆಟ" ಎಂದು ಕೂಗಿದಳು.

ಉಳಿದದ್ದು ಪಾಸ್ಟರು. ಪಾಲಯ್ಯನವರು ಕೆಟ್ಟವರಲ್ಲ. ಮೊದಲು ಗಣಿಯ ಲಾರಿ ತೂಗುವ ಕಡೆ ಕೆಲಸಕ್ಕಿದ್ದವರು, ಬಿಸಿಲಲ್ಲೂ ಕೋಟು ಬಿಚ್ಚದವರು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವವರು. ದ್ಯಾಮಕ್ಕ ಹೇಳಿದ್ದನ್ನೆಲ್ಲ ಕೇಳಿ ಬೋಳುತಲೆ ಸವರಿಕೊಂಡರು.

"ಸೂಜಿನೂ ದೇವ್ರೇ ಕೊಟ್ಟಿದ್ದಲ್ಲೇನಮ್ಮ?"

"ಹೌದ್ರಿ ಅಯ್ಯನೋರೆ. ಹಂಗಾರ ಅದನ್ನೂ ಹೇಳಿಬಿಡಾನ್ರಿ."

"ಹೇಳಬೌದು. ಆದ್ರ ಸಂಡೂರಾಗ ಬ್ಯಾಡ. ಫ್ಲೆಕ್ಸ್ ಹಾಕೈತಿ. ಸಾಕ್ಷಿ ಸಣ್ಣಗ ಹೇಳಿ ಇಳಿದುಬಿಡು. ರೇಣುಕಮ್ಮಗ ನಾ ಆಮ್ಯಾಲೆ ಸಮಾಧಾನ ಹೇಳ್ತೀನಿ."

"ಆಮ್ಯಾಲೆ ಅಂದ್ರ ಕಾಲು ಇರ್ತೈತೇನ್ರಿ?"

ಪಾಲಯ್ಯನವರು ಕಿಟಕಿಯ ಹೊರಗೆ ನೋಡಿದರು. ಹೊರಗೂ ಫ್ಲೆಕ್ಸೇ ಇತ್ತು.

ಸಂಡೂರಿನ ಬಯಲಿನಲ್ಲಿ ದೊಡ್ಡ ಪೆಂಡಾಲು. ಸಂಜೆ ನಾಲ್ಕಕ್ಕೇ ಆರುನೂರು ಜನ ಸೇರಿ, ಕುರ್ಚಿ ಸಿಗದವರು ಕೆಂಪು ಧೂಳಿನ ಮೇಲೆ ಚಾಪೆ ಹಾಸಿ ಕೂತಿದ್ದರು. ಜಂಬಯ್ಯನೂ ಬಂದಿದ್ದ. "ಬಿರಿಯಾನಿ ಇಲ್ಲ, ಯಾಕ ಬರ್ತೀ?" ಎಂದರೆ, "ನಾ ಹೊತ್ತ ಸುದ್ದಿ ನಾನೂ ಒಮ್ಮೆ ಕೇಳ್ಬೇಕಲ್ಲ" ಎಂದಿದ್ದ. ಮೊದಲ ಸಾಲಿನಲ್ಲಿ ರೇಣುಕಮ್ಮ, ಗಾಯದ ಕಾಲಿಗೆ ಬಟ್ಟೆ ಸುತ್ತಿಕೊಂಡು, ಮಡಿಲಲ್ಲಿ ಗುಳಿಗೆಯ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಮದುವಣಗಿತ್ತಿಯಂತೆ ಹೊಳೆಯುತ್ತಿದ್ದಳು.

ಬಂದ ದೊಡ್ಡ ಪ್ರಸಂಗಿಗಳ ಮಾತು ಮುಗಿಯಿತು. ಪಾಲಯ್ಯನವರು ಮೈಕ್ ಹಿಡಿದರು. ಅಭ್ಯಾಸಬಲ ಎನ್ನುವುದು ಬಹಳ ಕೆಟ್ಟದ್ದು. ಸಣ್ಣಗೆ ಹೇಳಿಸೋಣ ಎಂದುಕೊಂಡಿದ್ದವರು ಆರುನೂರು ಮುಖ ಕಂಡದ್ದೇ ದನಿ ಏರಿಸಿ, "ಹನ್ನೆರಡು ವರ್ಷ ತೆವಳಿದ ಸಹೋದರಿ! ಓಡಿ ಬಾ ಸಹೋದರಿ, ಓಡಿ ಬಾ!" ಎಂದು ಕೂಗಿಯೇಬಿಟ್ಟರು. ಹನುಮೇಶ ಕೀಬೋರ್ಡಿನಲ್ಲಿ ಓಟದ ತಾಳ ಹಾಕಿದ.

ಸ್ಟೇಜಿಗೆ ಎಂಟು ಮರದ ಮೆಟ್ಟಿಲು. ದ್ಯಾಮಕ್ಕ ಅದರ ಬುಡಕ್ಕೆ ಬಂದು ನಿಂತಳು. ಮೇಲೆ ನೋಡಿದಳು. ಹಿಂದೆ ತಿರುಗಿ ಸ್ಟೀಲ್ ಡಬ್ಬಿ ನೋಡಿದಳು. ಬಾಯಿಂದ ಹೇಳಿ ಆಗಿತ್ತು, ಅದಕ್ಕೆ ಎಣ್ಣೆಯಭಿಷೇಕವೂ ಆಗಿತ್ತು. ಇನ್ನು ಹೇಳದೆ ಉಳಿದದ್ದು ಒಂದೇ. ಸೆರಗು ಸಿಕ್ಕಿಸಿ, ಮೆಟ್ಟಿಲಿಗೆ ಬೆನ್ನು ಮಾಡಿ, ಆರುನೂರು ಜನರಿಗೆ ಮುಖ ಮಾಡಿ ಕೂತಳು. ಎರಡೂ ಕೈ ಹಿಂದಕ್ಕೆ ಊರಿದಳು. ಕುಂಡಿ ಎತ್ತಿ ಮೇಲಿನ ಮೆಟ್ಟಿಲ ಮೇಲಿಟ್ಟಳು.

ಮೊದಲ ಮೆಟ್ಟಿಲಿಗೆ ಜನ ಇದೇನೋ ಅಭಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಯಾರೋ ಕಿಸಕ್ಕನೆ ನಕ್ಕರು. ಮೂರನೆಯದಕ್ಕೆ ಹನುಮೇಶನ ಬೆರಳು ಗಲಿಬಿಲಿಯಾಗಿ ತಾಳ ತಪ್ಪಿತು. ನಾಲ್ಕನೆಯ ಮೆಟ್ಟಿಲಲ್ಲಿ ದ್ಯಾಮಕ್ಕ ಸೀರೆ ಮೊಣಕಾಲಿನವರೆಗೆ ಸರಿಸಿ, ಅಲ್ಲಿ ನೋವಿಗೆಂದು ಗುಟ್ಟಾಗಿ ಕಟ್ಟಿಕೊಂಡಿದ್ದ ಬೆಲ್ಟನ್ನು ಪರ್ರನೆ ಬಿಚ್ಚಿ ಪಕ್ಕಕ್ಕಿಟ್ಟಳು.

ಪಾಲಯ್ಯನವರು ಮೇಲಿಂದ ನೋಡುತ್ತಾ ನಿಂತಿದ್ದರು. ಮೈಕ್ ಬಂದ್ ಮಾಡಬಹುದಿತ್ತು, ಹಾಡು ಎತ್ತಬಹುದಿತ್ತು. ಅವರ ಕೈ ಒಂದೆರಡು ಸಲ ಹಾಗೆ ಹೋಗಿ ಬಂತು. ಆಮೇಲೆ ನಾಲ್ಕು ಮೆಟ್ಟಿಲು ಇಳಿದು ಬಂದು, ದ್ಯಾಮಕ್ಕನ ಪಕ್ಕದಲ್ಲಿ ಕೂತು, ಮೈಕನ್ನು ಅವಳ ಬಾಯಿಗೆ ಹಿಡಿದರು.

"ನಾ ಭಾನುವಾರ ಭಾನುವಾರ ಹಿಂಗಾ ಹತ್ತೋದ್ರಿ" ಎಂದಳು ದ್ಯಾಮಕ್ಕ. "ನೀವು ನೋಡಬಾರ್ದು ಅಂತ ಏಳಕ್ಕ ಬರ್ತೀನಿ. ಶುಕ್ರವಾರ ಸೂಜಿ ಹಾಕಿಸ್ಕಂಡೆ, ಭಾನುವಾರ ಕುಣದೆ. ದೇವ್ರು ನಂಗ ಏನೂ ಮಾಡಿಲ್ಲ ಅಂತಲ್ಲ. ಸಾಯೋ ಹೊತ್ನ್ಯಾಗ ಒಂಬತ್ತು ದಿನ ಗಂಜಿ ಕುಡಿಸಾಕ ಒಬ್ಬಾಕಿನ್ನ ಕಳಿಸಿದ್ನಲ್ಲ, ಅದಾ ನನ್ನ ಸಾಕ್ಷಿ. ಅದನ್ನ ಹೇಳೋದು ಬಿಟ್ಟು ಇಲ್ಲದ ಊರುಗೋಲು ಹಿಡಕಂಡು ಊರೂರು ತಿರುಗಿದೆ. ನನ್ನ ಗಂಡ ನನ್ನ ಹೊತ್ತಿಲ್ರಿ. ಅವಗ ಹೊರಾಕ ಆಗಂಗೂ ಇಲ್ಲ."

"ಸ್ತೋತ್ರ!" ಎಂದು ಹಿಂದಿನ ಸಾಲಿನಿಂದ ಜಂಬಯ್ಯ ಕೂಗಿದ. ಅವನ ಜನ್ಮದಲ್ಲಿ ಅದು ಮೊದಲ ಸ್ತೋತ್ರ. ಜನ ಹೋ ಎಂದು ನಕ್ಕರು, ಕಣ್ಣೊರೆಸಿಕೊಂಡರು.

ದ್ಯಾಮಕ್ಕ ನಗಲಿಲ್ಲ. ಅವಳ ಕಣ್ಣು ಮೊದಲ ಸಾಲಿನ ಮೇಲಿತ್ತು. "ರೇಣಕ್ಕ, ನಿನ್ನ ಕಾಲು ಹೋದ್ರ ನಾ ಯಾವ ದೇವ್ರಿಗೆ ಮುಖ ತೋರಿಸ್ಲಿ? ಡಬ್ಬಿ ಬೋರಲು ಹಾಕಬ್ಯಾಡಬೇ. ಮೊದ್ಲು ಗುಳಿಗಿ ನುಂಗು, ಆಮ್ಯಾಲೆ ಪ್ರಾರ್ಥನಿ ಮಾಡಾಮು. ನಿನ್ನ ಕಾಲಿಗೆ ಬೀಳ್ತೀನಿ. ಬೀಳಾಕ ಬಗ್ಗಂಗಿಲ್ಲ ಮೊಳಕಾಲು, ಆದ್ರೂ ಬೀಳ್ತೀನಿ."

ರೇಣುಕಮ್ಮ ಡಬ್ಬಿ ಹಿಡಿದು ಎದ್ದಳು. ಬಟ್ಟೆ ಸುತ್ತಿದ ಕಾಲೆಳೆಯುತ್ತಾ ಮೆಟ್ಟಿಲೇರಿ ದ್ಯಾಮಕ್ಕನ ಎದುರಿಗೆ ಬಂದಳು. ಮತ್ತೆ ನೆತ್ತಿಯ ಮೇಲೆ ಕೈಯಿಟ್ಟು ಸೈತಾನನನ್ನು ಬಯ್ಯುತ್ತಾಳೆಂದು ದ್ಯಾಮಕ್ಕ ಕಣ್ಣು ಮುಚ್ಚಿಕೊಂಡಳು. ರೇಣುಕಮ್ಮ ಕೈಯಿಟ್ಟಳು ಸರಿ, ಆದರೆ ಮೆತ್ತಗೆ.

"ಸೈತಾನ ಭಾಳ ಮಾನಸ್ತ ಅದಾನ" ಎಂದಳು. ಮೈಕ್ ಹತ್ತಿರವೇ ಇದ್ದದ್ದರಿಂದ ಪೆಂಡಾಲಿಗೆಲ್ಲ ಕೇಳಿತು. "ಇಷ್ಟು ಮಂದಿ ಮುಂದ ಹಿಂಗ ಕುಂಡಿ ಊರಿ ಹತ್ತಂಗಿಲ್ಲ ಅವ. ಇಲ್ಲಿ ಕುಂತಾಕಿ ನೀನಾ, ಅವ ಅಲ್ಲ."

ಡಬ್ಬಿ ತೆರೆದು ಗುಳಿಗೆ ಅಂಗೈಗೆ ಹಾಕಿಕೊಂಡಳು. ಪಾಲಯ್ಯನವರು ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರು.

ಸಂಡೂರಿನಿಂದ ಬಂದ ಮೇಲೆ ಏನೇನೋ ಆಯಿತು. ಕೆಲವರು ಸಭೆ ಬಿಟ್ಟರು, ಕೆಲವರು ಪಾಲಯ್ಯನವರನ್ನು ಅಂದರು, ಆಡಿದರು. ಪಾಲಯ್ಯನವರು ತಾವೇ ಸ್ಟೂಲು ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಬಿಚ್ಚಿದರು. ಅದನ್ನು ಜಂಬಯ್ಯ ಕೇಳಿ ಪಡೆದು ಮಿರ್ಚಿ ಅಂಗಡಿಯ ಮೇಲೆ ಬಿಸಿಲಿಗೆ ಹೊದಿಸಿದ, ಬರಹ ಒಳಮುಖವಾಗಿ. ಡಾಕ್ಟರ್ ದೊಡ್ಡಬಸಪ್ಪನವರು ರೇಣುಕಮ್ಮನಿಗೆ ಒಂದು ಗಂಟೆ ಬಯ್ದು ತಮ್ಮ ಗೆಳೆಯ ಸಕ್ಕರೆ ಕಾಯಿಲೆ ಡಾಕ್ಟರ ಹತ್ತಿರ ಕಳಿಸಿದರು. ಅವರು ಇನ್ನೊಂದು ಗಂಟೆ ಬಯ್ದರು. ಗಾಯ ಒಣಗಲು ಎಷ್ಟು ದಿನವೋ, ಆದರೆ ಒಣಗುತ್ತದೆ ಎಂದರು.

ಮುಂದಿನ ಭಾನುವಾರ ದ್ಯಾಮಕ್ಕ ಏಳಕ್ಕೆ ಬರಲಿಲ್ಲ. ಎಲ್ಲರಂತೆ ಒಂಬತ್ತೂಕಾಲಿಗೆ ಬಂದಳು. ಜನ ಏನೆನ್ನುತ್ತಾರೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಟೈರ್ ಅಂಗಡಿಯ ಪಕ್ಕ ತಿರುಗಿ ನೋಡಿದರೆ, ಮೆಟ್ಟಿಲ ತುಂಬ ಹೆಂಗಸರು. ಏಳು ಜನ, ಒಬ್ಬರ ಕೆಳಗೊಬ್ಬರು, ಎಲ್ಲರೂ ರಸ್ತೆಗೆ ಮುಖ ಮಾಡಿ ಕುಂಡಿ ಊರಿ ಏರುತ್ತಿದ್ದಾರೆ. ಇಷ್ಟು ವರ್ಷ ಗೋಡೆ ಹಿಡಿದು, ಹಲ್ಲು ಕಚ್ಚಿ, ನಗುತ್ತಾ ಹತ್ತಿದವರು. ಮೇಲಿನ ಬಾಗಿಲಲ್ಲಿ ಪಾಲಯ್ಯನವರು ಬೈಬಲ್ ಹಿಡಿದು, "ನಿಧಾನ ಬರ್ರಿ, ಆರಾಧನೆ ಎಲ್ಲೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದರು.

ಕೆಳಗಿನ ಮೆಟ್ಟಿಲ ಹತ್ತಿರ ರೇಣುಕಮ್ಮ ಕಾಯುತ್ತಾ ನಿಂತಿದ್ದಳು. ದ್ಯಾಮಕ್ಕನನ್ನು ಕಂಡದ್ದೇ ಸೆರಗಿನ ಗಂಟು ಬಿಚ್ಚಿ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಆಮೇಲೆ ಬಾಯಿ ಆ ಎಂದು ತೆರೆದು, ನಾಲಿಗೆ ಎತ್ತಿ, ಕೆಳಗೂ ಏನಿಲ್ಲವೆಂದು ತೋರಿಸಿದಳು.

"ನುಂಗೀನಿ, ನೋಡ್ಕ. ನಿನ್ನ ಮಾತು ನಂಬಾಕ ಆಗಂಗಿಲ್ಲ, ನನ್ನ ಮಾತು ನೀ ಯಾಕ ನಂಬ್ತಿ?"

"ನಡಿಯಬೇ ಸಾಕು" ಎಂದಳು ದ್ಯಾಮಕ್ಕ. ಅವಳಿಗೆ ಅಳು ಬಂದಿತ್ತು, ನಗುವೂ ಬಂದಿತ್ತು. ಇಬ್ಬರೂ ಮೆಟ್ಟಿಲಿಗೆ ಬೆನ್ನು ಮಾಡಿ ಪಕ್ಕಪಕ್ಕದಲ್ಲಿ ಕೂತು ಕೈ ಊರಿದರು.